ಹವಳದ ಕವಲು ಹೇಳಿದ ಕಾಲ

ಪೆಸಿಫಿಕ್ ಸಾಗರದ ಹವಾಯಿ ದ್ವೀಪಸಮೂಹದಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ ಹೆಸರಿನ ಹವಾಯಿ ದ್ವೀಪ. ಅದರ ಪಶ್ಚಿಮ ಕರಾವಳಿಯ ಹೋನೌನೌ ಎಂಬಲ್ಲಿ ಕಪ್ಪು ಲಾವಾ ಕಲ್ಲಿನ ಒಂದು ದೊಡ್ಡ ಗೋಡೆಯಿದೆ. ಸುಮಾರು 1,000 ಅಡಿ ಉದ್ದ, 17 ಅಡಿ ದಪ್ಪ, ಎರಡಾಳೆತ್ತರ. ಗಾರೆಯಾಗಲಿ ಮಣ್ಣಾಗಲಿ ಬಳಸದೆ, ಕಲ್ಲಿಗೆ ಕಲ್ಲು ಕಚ್ಚುವಂತೆ ಜೋಡಿಸಿಯೇ ಅದನ್ನು ಎಬ್ಬಿಸಿದ್ದಾರೆ. ಗೋಡೆಯ ಒಂದು ಬದಿಗೆ ಅರಸರ ಅಂಗಳ. ಇನ್ನೊಂದು ಬದಿಗೆ, ಕಡಲಿನೊಳಕ್ಕೆ ಚಾಚಿಕೊಂಡ ನೆಲವೆಲ್ಲ ಪುಉಹೊನುವಾ, ಅಂದರೆ ಅಭಯಸ್ಥಾನ. ಕಪು ಎಂದು ಕರೆಯುತ್ತಿದ್ದ ದೈವದ ಕಟ್ಟಳೆಯನ್ನು ಮುರಿದವನಿಗೆ ಮರಣವೇ ಶಿಕ್ಷೆಯಾಗಿದ್ದ ಕಾಲದಲ್ಲಿ, ಬೆನ್ನಟ್ಟಿ ಬಂದವರ ಕೈಗೆ ಸಿಗದೆ ಈ ನೆಲವನ್ನು ಮುಟ್ಟಿದವನು ಬದುಕಿಕೊಳ್ಳುತ್ತಿದ್ದ. ಅಲ್ಲಿನ ಪುರೋಹಿತ ಅವನನ್ನು ಶುದ್ಧಿಗೊಳಿಸಿ ಮನೆಗೆ ಕಳುಹಿಸುತ್ತಿದ್ದ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಆ ಗೋಡೆಯ ಬುಡದಲ್ಲಿ ನಡೆಯುತ್ತಿದ್ದಾಗ ಕಪ್ಪು ಕಲ್ಲುಗಳ ಸಂದಿನಲ್ಲಿ ಬೆಳ್ಳಗೆ ಏನೋ ಕಂಡಿತು. ಬಗ್ಗಿ ನೋಡಿದೆ. ಹೆಬ್ಬೆರಳಿನಷ್ಟು ಉದ್ದದ ಹವಳದ ಕವಲು. ಹೂಕೋಸಿನ ಎಸಳನ್ನು ಮುರಿದಿಟ್ಟಂತೆ ಇತ್ತು, ಆದರೆ ಅದರ ಮೈಮೇಲೆ ಇರಬೇಕಾದ ಸಣ್ಣ ಸಣ್ಣ ಗುಬಟುಗಳು ಸವೆದು ನುಣುಪಾಗಿದ್ದವು. ಅಲೆಗಳಲ್ಲಿ ಬಹುಕಾಲ ಹೊರಳಾಡಿ ದಡಕ್ಕೆ ಬಂದ ತುಂಡು ಎಂಬುದು ಸ್ಪಷ್ಟವಾಗಿತ್ತು. ಆ ತೀರದಲ್ಲಿ ಅಂಥವು ಎಲ್ಲೆಲ್ಲೂ ಬಿದ್ದಿರುತ್ತವೆ. ಅದನ್ನು ಅಲ್ಲಿಯೇ ಬಿಟ್ಟು ಮುಂದೆ ಹೋದೆ. ಅದೇ ಕವಲಿನ ಗುಬಟುಗಳು ಸವೆಯದೆ, ನಿನ್ನೆ ತಾನೇ ಕಡಲಿನಿಂದ ಮುರಿದು ತಂದಂತೆ ಮೊನಚಾಗಿದ್ದಿದ್ದರೆ ಆ ತುಂಡಿನ ಅರ್ಥವೇ ಬೇರೆಯಾಗುತ್ತಿತ್ತು. ಹವಾಯಿಯ ಗುಡಿಗಳ ಬಗ್ಗೆ ಕಳೆದ ಎರಡು ದಶಕಗಳಲ್ಲಿ ನಮಗೆ ತಿಳಿದ ಬಹುಮುಖ್ಯ ಸಂಗತಿಯೊಂದು ಈ ಸವೆದ ಹವಳಕ್ಕೂ ಸವೆಯದ ಹವಳಕ್ಕೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ. ಅದನ್ನು ಬರೆಯಬೇಕೆಂದು ಅಂದಿನಿಂದ ಅಂದುಕೊಂಡಿದ್ದೆ.

ಹವಾಯಿಯ ಗುಡಿಗೆ ಅಲ್ಲಿನ ಭಾಷೆಯಲ್ಲಿ ಹೆಯಾವು ಎನ್ನುತ್ತಾರೆ. ನಾವು ಗುಡಿ ಎಂದೊಡನೆ ಕಣ್ಣಮುಂದೆ ಬರುವ ಗರ್ಭಗೃಹವಾಗಲಿ ಶಿಖರವಾಗಲಿ ಅದಕ್ಕಿಲ್ಲ. ಕಲ್ಲಿನ ಜಗಲಿಗಳು, ಮೆಟ್ಟಿಲುಮೆಟ್ಟಿಲಾಗಿ ಏರುವ ಕಟ್ಟೆಗಳು, ಸುತ್ತುಗೋಡೆಗಳು, ಇಷ್ಟೇ ಇಂದು ಕಾಣುವುದು. ಒಂದು ಕಾಲಕ್ಕೆ ಅವುಗಳ ಮೇಲೆ ಮರದ ದೇವರ ಪ್ರತಿಮೆಗಳು, ಹುಲ್ಲು ಹೊದಿಸಿದ ಮನೆಗಳು, ಬಿಳಿಯ ನಾರುಬಟ್ಟೆ ಸುತ್ತಿದ ಎತ್ತರದ ಗೋಪುರ, ನೈವೇದ್ಯವಿಡುವ ಮರದ ಅಟ್ಟ ಎಲ್ಲವೂ ಇದ್ದವು. ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿದ್ದ ಚಿತ್ರಕಾರ ಜಾನ್ ವೆಬರ್ 1778ರಲ್ಲಿ ಕವಾಯಿ ದ್ವೀಪದ ಒಂದು ಹೆಯಾವಿನ ಚಿತ್ರ ಬರೆದದ್ದರಿಂದ ಅವು ಹೇಗಿದ್ದವೆಂದು ನಮಗೆ ತಕ್ಕಮಟ್ಟಿಗೆ ಗೊತ್ತು. ಮರ ಕೊಳೆಯಿತು, ಕಲ್ಲು ಉಳಿಯಿತು. ಹೆಯಾವುಗಳಲ್ಲೂ ತರತರದವು. ಮೀನುಗಾರರು ತೀರದಲ್ಲಿ ಕಟ್ಟಿಕೊಂಡ ಪುಟ್ಟ ಕಲ್ಲುಗುಪ್ಪೆ ಕೊಆ. ಮಳೆಬೆಳೆಗಳ ದೇವರಾದ ಲೊನೊನಿಗೆ ಕಟ್ಟಿದವು ಕೆಲವು. ಯುದ್ಧದ ದೇವರಾದ ಕೂನಿಗೆ ಅರಸನೇ ಕಟ್ಟಿಸಿ, ನರಬಲಿಯನ್ನೂ ಕೊಡುತ್ತಿದ್ದ ಮಹಾಗುಡಿ ಲುವಾಕಿನಿ. ಲುವಾಕಿನಿಯನ್ನು ಕಟ್ಟಿಸುವ ಅಧಿಕಾರ ಸಾಮಾನ್ಯ ಪಾಳೆಯಗಾರನಿಗೆ ಇರಲಿಲ್ಲ. ಅದನ್ನು ಕಟ್ಟಿಸುವುದೆಂದರೆ ತಾನು ಅರಸನೆಂದು ಸಾರುವುದೇ ಆಗಿತ್ತು.

20ನೇ ಶತಮಾನದ ಆರಂಭದಲ್ಲಿ ಈ ಗುಡಿಗಳ ಪಟ್ಟಿ ಮಾಡಲು ಹೊರಟವರಿಗೆ ಅವು ಒಂದೇ ಏಟಿಗೆ ಕಟ್ಟಿ ಮುಗಿಸಿದ, ಮುಂದೆ ಬದಲಾಗದ ಕಟ್ಟಡಗಳಂತೆ ಕಂಡವು. ಹೊನೊಲುಲುವಿನ ಬಿಷಪ್ ಮ್ಯೂಸಿಯಂನ ಪರವಾಗಿ ಜಾನ್ ಸ್ಟೋಕ್ಸ್ 1906ರಲ್ಲಿ ಹವಾಯಿ ದ್ವೀಪವನ್ನು ಸುತ್ತಿ ಹೆಯಾವುಗಳನ್ನು ಅಳೆದು ನಕ್ಷೆ ಬರೆದ. ಥಾಮಸ್ ಥ್ರಮ್ ಊರೂರಿನ ಹಿರಿಯರಿಂದ ಕೇಳಿ ಹೆಸರುಗಳನ್ನು ಕಲೆಹಾಕಿದ. ಅವರ ಶ್ರಮ ಸಣ್ಣದಲ್ಲ. ಅವರು ದಾಖಲಿಸಿದ ಎಷ್ಟೋ ಗುಡಿಗಳು ಇಂದು ಕಬ್ಬಿನ ಗದ್ದೆಗಳ ಅಡಿಯಲ್ಲಿ, ರಸ್ತೆಗಳ ಅಡಿಯಲ್ಲಿ ಮಾಯವಾಗಿವೆ. ಆದರೆ ನೆಲದ ಮೇಲೆ ಕಾಣುವ ಆಕಾರವನ್ನಷ್ಟೇ ಅಳೆದಾಗ ಕಟ್ಟಡಕ್ಕೆ ಒಂದೇ ವಯಸ್ಸು ಸಿಗುತ್ತದೆ. ಬದಲಾವಣೆಯ ಮಾತು ಬಂದಾಗ ಅವರು ಆಶ್ರಯಿಸಿದ್ದು ಐತಿಹ್ಯವನ್ನು. ಪಾಅಓ ಎಂಬ ಪುರೋಹಿತ ದೂರದ ಕಹಿಕಿಯಿಂದ ದೋಣಿಯಲ್ಲಿ ಬಂದು ಪುನಾ ಸೀಮೆಯಲ್ಲಿ ವಹಾಉಲಾ ಎಂಬ ಹೆಯಾವನ್ನು ಕಟ್ಟಿ, ನರಬಲಿಯನ್ನೂ ಕಠಿಣವಾದ ಕಪುವನ್ನೂ ತಂದ ಎಂಬುದು ಆ ಐತಿಹ್ಯ. ಮೊದಲು ಸೌಮ್ಯವಾದ ಧರ್ಮವಿತ್ತು, ಆಮೇಲೆ ಹೊರಗಿನಿಂದ ಕ್ರೂರವಾದದ್ದು ಬಂತು ಎಂಬ ಈ ಕಥೆ ಬಹುಕಾಲ ಇತಿಹಾಸವೆಂದೇ ನಡೆಯಿತು. ವಹಾಉಲಾ ಇಂದು ನೋಡಲು ಸಿಗುವುದಿಲ್ಲ. 1997ರಲ್ಲಿ ಕಿಲಾವೆಯಾ ಜ್ವಾಲಾಮುಖಿಯ ಲಾವಾ ಅದನ್ನು ಮುಚ್ಚಿಬಿಟ್ಟಿತು.

ದ್ವೀಪಗಳ ನಡುವೆ ಅಂಥ ದೂರದ ಪಯಣಗಳು ನಡೆದವೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಹವಾಯಿಯಿಂದ ಸುಮಾರು 4,000 ಕಿಲೋಮೀಟರ್ ದೂರದ ಟುವಾಮೊಟು ದ್ವೀಪಗಳಲ್ಲಿ ಸಿಕ್ಕಿದ ಒಂದು ಕಲ್ಲಿನ ಬಾಚಿಯ ರಾಸಾಯನಿಕ ಗುರುತು ಹವಾಯಿಯ ಕಹೊಓಲವೆ ದ್ವೀಪದ ಶಿಲೆಗೆ ಹೊಂದುತ್ತದೆಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಗುಡಿಗಳ ಒಳಗನ್ನು ಬಿಚ್ಚಿ ನೋಡಿದಾಗ ಕಂಡ ಕಥೆ ಮಾತ್ರ ಒಬ್ಬ ಪುರೋಹಿತ ದೋಣಿಯಿಂದ ಇಳಿದು ಎಲ್ಲವನ್ನೂ ಬದಲಿಸಿದ ಕಥೆಗಿಂತ ನಿಧಾನದ್ದು, ತೊಡಕಿನದು.

ಹೋನೌನೌನಲ್ಲಿಯೇ, ಆ ಮಹಾಗೋಡೆಗೆ ಅನತಿ ದೂರದಲ್ಲಿ, ಆಲೆಆಲೆಆ ಎಂಬ ಕಲ್ಲಿನ ಕಟ್ಟೆಯಿದೆ. 1960ರ ದಶಕದಲ್ಲಿ ಅದನ್ನು ಉತ್ಖನನ ಮಾಡಿದವರು ಎಡ್ಮಂಡ್ ಲಾಡ್. ಅವರು ಅಮೆರಿಕದ ಝೂನಿ ಬುಡಕಟ್ಟಿನವರು. ತಮ್ಮ ಜನರ ಪವಿತ್ರ ಸ್ಥಳಗಳನ್ನು ಹೊರಗಿನವರು ಅಗೆಯುವುದೆಂದರೆ ಏನೆಂಬುದು ಅವರಿಗೆ ಗೊತ್ತಿದ್ದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಹೊರಗಿನಿಂದ ಒಂದೇ ದಿಮ್ಮಿಯಂತೆ ಕಾಣುವ ಆ ಕಟ್ಟೆಯ ಒಳಗೆ ಅವರಿಗೆ ಇನ್ನೊಂದು ಕಟ್ಟೆ ಸಿಕ್ಕಿತು. ಅದರ ಮುಖಗೋಡೆ ನೇರವಾಗಿ, ಸೊಗಸಾಗಿ ಜೋಡಿಸಿದ್ದು, ಒಂದು ಕಾಲದಲ್ಲಿ ಬಿಸಿಲು ಕಂಡಿದ್ದು; ಆಮೇಲೆ ಅದರ ಮುಂದೆ ಕಲ್ಲು ತುಂಬಿ ಹೊಸ ಮುಖ ಕಟ್ಟಿದ್ದರು. ಅದರೊಳಗೆ ಇನ್ನೂ ಚಿಕ್ಕದು. ಈರುಳ್ಳಿಯ ಸಿಪ್ಪೆಯಂತೆ ಒಂದರೊಳಗೊಂದು, ಹಲವು ಹಂತಗಳಲ್ಲಿ ಅದು ಬೆಳೆದಿತ್ತು. ಹಳೆಯದನ್ನು ಯಾರೂ ಕೆಡವಿರಲಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡೇ ಹೊಸದನ್ನು ಕಟ್ಟಿದ್ದರು. ಓಅಹು ದ್ವೀಪದ ಮಕಹಾ ಕಣಿವೆಯ ಕಾನೆಆಕೀ ಎಂಬ ಹೆಯಾವಿನಲ್ಲಿಯೂ ಹೀಗೆಯೇ ಹಂತಗಳು ಕಂಡವು. ಅಲ್ಲಂತೂ ಗುಡಿಯ ಸ್ವಭಾವವೇ ತಿರುಗಿತ್ತು: ಬೆಳೆಯ ದೇವರಿಗೆ ಮೀಸಲಾಗಿದ್ದ ಸಣ್ಣ ಗುಡಿ ಮುಂದೆ ಹಿಗ್ಗಿ ಯುದ್ಧದ ದೇವರ ಲುವಾಕಿನಿಯಾಗಿತ್ತು.

ಈ ಒಳಗೋಡೆಗಳ ವಿಚಾರ ಓದಿದಾಗ ನಾನು ಬಹಳ ಹೊತ್ತು ಅದರಲ್ಲೇ ಇದ್ದೆ. ಒಂದು ಗೋಡೆಯ ಮುಖವನ್ನು ನೇರ ಮಾಡಿ, ಒಳ್ಳೆಯ ಕಲ್ಲನ್ನು ಆರಿಸಿ, ಹೊರಗಿನವರು ನೋಡಲೆಂದು ಜೋಡಿಸಿದವನಿದ್ದಾನೆ. ಕೆಲವು ತಲೆಮಾರಿನ ಬಳಿಕ ಆ ಮುಖ ಕಾಣದಂತೆ ಮುಂದೆ ಕಲ್ಲು ಸುರಿದವನಿದ್ದಾನೆ. ಇಬ್ಬರೂ ಅದೇ ಊರಿನವರು, ಬಹುಶಃ ಅದೇ ಮನೆತನದವರು. ಎರಡನೆಯವನಿಗೆ ಅದು ಹಿಂದಿನದನ್ನು ಅಳಿಸಿದಂತೆ ಅನ್ನಿಸಿರಲಾರದು, ಸೇವೆಯೆಂದೇ ಅನ್ನಿಸಿರಬೇಕು.

ಹಂತಗಳಿವೆ ಎಂದು ತಿಳಿದ ಮೇಲೆ ಪ್ರಶ್ನೆ ಒಂದೇ ಉಳಿಯುತ್ತದೆ: ಯಾವಾಗ? ನಮ್ಮಲ್ಲಾದರೆ ಗುಡಿಯ ಕಾಲ ತಿಳಿಯಲು ಶಾಸನ ಓದುತ್ತೇವೆ. ಯಾರ ಆಳ್ವಿಕೆ, ಯಾವ ಸಂವತ್ಸರ, ಯಾರು ಜೀರ್ಣೋದ್ಧಾರ ಮಾಡಿಸಿದರು, ಎಷ್ಟು ಭೂಮಿ ದತ್ತಿ ಬಿಟ್ಟರು ಎಂಬುದೆಲ್ಲ ಕಲ್ಲಿನ ಮೇಲೇ ಇರುತ್ತದೆ. ಹವಾಯಿಯಲ್ಲಿ ಬರಹವಿರಲಿಲ್ಲ. ಅರಸುಮನೆತನಗಳ ವಂಶಾವಳಿಗಳನ್ನು ಬಾಯಲ್ಲಿ ಕಾಪಾಡಿಕೊಂಡು ಬಂದಿದ್ದರು. ತಲೆಮಾರಿಗೆ ಇಷ್ಟು ವರ್ಷವೆಂದು ಲೆಕ್ಕ ಹಾಕಿ ಹಿಂದೆ ಹೋಗಬಹುದಿತ್ತು, ಅಷ್ಟೆ. ಇದ್ದಿಲಿನ ರೇಡಿಯೋಕಾರ್ಬನ್ ಪರೀಕ್ಷೆ ಬಂದ ಮೇಲೂ ತೊಡಕು ಪೂರ್ತಿ ಬಗೆಹರಿಯಲಿಲ್ಲ. ಹಳೆಯ ಮರದ ತಿರುಳನ್ನು ಸುಟ್ಟಿದ್ದರೆ ಬೆಂಕಿ ಹಚ್ಚಿದ ದಿನಕ್ಕಿಂತ ಮರದ ವಯಸ್ಸೇ ಉತ್ತರವಾಗಿ ಬರುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಕಳೆದ ನಾಲ್ಕೈದು ಶತಮಾನಗಳಲ್ಲಿ ವಾತಾವರಣದ ಕಾರ್ಬನ್-14ರ ಪ್ರಮಾಣ ಏರಿಳಿಯುತ್ತಲೇ ಇದ್ದುದರಿಂದ ಒಂದೇ ಮಾದರಿಗೆ ನೂರು ಇನ್ನೂರು ವರ್ಷಗಳಷ್ಟು ಅಗಲವಾದ ಉತ್ತರ ಸಿಗುತ್ತದೆ. ಹವಾಯಿಯ ದೊಡ್ಡ ಗುಡಿಗಳೆಲ್ಲ ಕಟ್ಟಿದ್ದು ಹೆಚ್ಚುಕಡಿಮೆ ಅದೇ ಅವಧಿಯಲ್ಲಿ. ಹತ್ತು ತಲೆಮಾರುಗಳ ಅರಸರಲ್ಲಿ ಯಾರು ಕಟ್ಟಿಸಿದರೆಂದು ಅಂಥ ಅಳತೆಗೋಲಿನಿಂದ ಹೇಳಲಾಗದು.

ಇಲ್ಲಿಯೇ ಹವಳ ಬರುತ್ತದೆ. ಹೆಯಾವುಗಳ ಮೇಲೆ, ಗೋಡೆಗಳ ಒಳಗೆ, ಬಲಿಪೀಠದ ಬಳಿ ಹವಳದ ಕವಲುಗಳು ಸಿಗುವುದು ಬಹಳ ಹಿಂದಿನಿಂದ ಗೊತ್ತಿತ್ತು. ಕಡಲಿನಿಂದ ಮೈಲಿಗಟ್ಟಲೆ ದೂರದ, ನೂರಾರು ಅಡಿ ಎತ್ತರದ ಒಣ ಬೆಟ್ಟದ ಇಳಿಜಾರಿಗೆ ಹವಳ ತಾನಾಗಿ ಏರಿ ಬರುವುದಿಲ್ಲ. ಯಾರೋ ನೀರಿಗಿಳಿದು, ಜೀವಂತ ಹವಳವನ್ನು ಮುರಿದು, ಕೈಯಲ್ಲಿ ಹಿಡಿದು ಬೆಟ್ಟ ಹತ್ತಿ ದೇವರಿಗೆ ಅರ್ಪಿಸಿದ್ದಾರೆ. ಹವಳ ಬೆಳೆಯುವಾಗ ಕಡಲ ನೀರಿನಲ್ಲಿ ಕರಗಿರುವ ಯುರೇನಿಯಂ ಅದರ ಮೈಗೆ ಸೇರುತ್ತದೆ. ಥೋರಿಯಂ ನೀರಿನಲ್ಲಿ ಕರಗದ ಕಾರಣ ಬಹುಮಟ್ಟಿಗೆ ಸೇರುವುದಿಲ್ಲ. ಮುಂದೆ ಯುರೇನಿಯಂ ಒಂದು ಗೊತ್ತಾದ ವೇಗದಲ್ಲಿ ಕ್ಷಯಿಸುತ್ತ ಥೋರಿಯಂ-230 ಆಗುತ್ತ ಹೋಗುತ್ತದೆ. ಎಷ್ಟು ಥೋರಿಯಂ ಕೂಡಿದೆಯೆಂದು ಅಳೆದರೆ ಆ ಹವಳ ಬೆಳೆದು ಎಷ್ಟು ವರ್ಷವಾಯಿತೆಂದು ತಿಳಿಯುತ್ತದೆ, ಅದೂ ಕೆಲವೇ ವರ್ಷಗಳ ಹೆಚ್ಚುಕಡಿಮೆಯಲ್ಲಿ. ತುದಿಯ ಗುಬಟುಗಳು ಸವೆಯದೆ ಮೊನಚಾಗಿದ್ದರೆ ಅದು ಜೀವಂತವಾಗಿದ್ದಾಗಲೇ ಕಿತ್ತು ತಂದದ್ದು; ಆದ್ದರಿಂದ ಹವಳ ಸತ್ತ ವರ್ಷವೂ ಕಾಣಿಕೆ ಕೊಟ್ಟ ವರ್ಷವೂ ಒಂದೇ. ಸವೆದಿದ್ದರೆ ದಡದಲ್ಲಿ ಎಷ್ಟು ಕಾಲ ಬಿದ್ದಿತ್ತೆಂದು ಹೇಳಲಾಗದು. ನಾನು ಗೋಡೆಯ ಬುಡದಲ್ಲಿ ಕಂಡ ತುಂಡು ಆ ಎರಡನೆಯ ಜಾತಿಯದು.

ಇನ್ನೂ ಒಂದು ಸೂಕ್ಷ್ಮವಿದೆ. ಜಗಲಿಯ ಮೇಲ್ಮೈಯಲ್ಲಿ ಇಟ್ಟ ಹವಳ ಗುಡಿ ಕಟ್ಟಿ ಎಷ್ಟೋ ಕಾಲದ ಮೇಲೆ ಬಂದ ಭಕ್ತನದಾಗಿರಬಹುದು. ಗೋಡೆಯ ಹೊಟ್ಟೆಯೊಳಗೆ, ಮೇಲಿನ ಕಲ್ಲುಗಳನ್ನು ತೆಗೆಯದೆ ಇಡಲಾಗದ ಜಾಗದಲ್ಲಿ ಸಿಕ್ಕಿದ ಹವಳ ಗೋಡೆ ಕಟ್ಟುವಾಗಲೇ ಸೇರಿದ್ದು. ಮೊದಲಿನದು ಬಳಕೆಯ ಕಾಲ ಹೇಳುತ್ತದೆ, ಎರಡನೆಯದು ಕಟ್ಟಿದ ಕಾಲವನ್ನೇ ಹೇಳುತ್ತದೆ. ಶಾಸನವಿಲ್ಲದ ನಾಡಿನಲ್ಲಿ ಒಬ್ಬ ಭಕ್ತನ ಕಾಣಿಕೆಯೇ ಹೀಗೆ ಕಾಲವನ್ನು ಬರೆದಿಟ್ಟ ಶಾಸನವಾಗುತ್ತದೆ.

ಹವಾಯಿಯಲ್ಲೇ ಹುಟ್ಟಿ ಬೆಳೆದ ಪುರಾತತ್ವಜ್ಞ ಪ್ಯಾಟ್ರಿಕ್ ಕರ್ಚ್ ಮತ್ತು ಭೂಕಾಲಮಾಪನ ತಜ್ಞ ವಾರನ್ ಶಾರ್ಪ್ ಇಂಥ ಹವಳಗಳನ್ನು ಅಳೆದು 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅವರು ಮುಖ್ಯವಾಗಿ ಆರಿಸಿಕೊಂಡದ್ದು ಮಾವಿ ದ್ವೀಪದ ಕಹಿಕಿನುಯಿ ಸೀಮೆ. ಹಲೆಯಾಕಲಾ ಪರ್ವತದ ಮಳೆನೆರಳಿನಲ್ಲಿರುವ ಒರಟು ಲಾವಾ ನೆಲ ಅದು. ಕೆಸುವಿನ ನೀರುಗದ್ದೆಗಳಿಗೆ ಅಲ್ಲಿ ಆಸ್ಪದವಿಲ್ಲ, ಗೆಣಸೇ ಆಧಾರ. ಗದ್ದೆ, ಕಾರ್ಖಾನೆ, ಹೋಟೆಲು ಯಾವುದೂ ಬಾರದ ಬಡ ನೆಲವಾದ್ದರಿಂದಲೇ ಅಲ್ಲಿನ ಹಳೆಯ ಗುಡಿಗಳು, ಮನೆಗಳ ಅಡಿಪಾಯಗಳು ಇಂದಿಗೂ ಉಳಿದಿವೆ. ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಶತಮಾನಗಳ ಉದ್ದಕ್ಕೆ ಒಂದೊಂದಾಗಿ ಎದ್ದಿರಬೇಕೆಂದು ನಂಬಿದ್ದ ಗುಡಿಗಳ ಹವಳಗಳು 1600ರ ಆಸುಪಾಸಿನ ಸುಮಾರು 60 ವರ್ಷಗಳಲ್ಲಿ ಒತ್ತಾಗಿ ಬಂದು ನಿಂತವು. ಎರಡು ಮೂರು ತಲೆಮಾರಿನ ಒಳಗೆ ಇಡೀ ಸೀಮೆಯಲ್ಲಿ ಒಂದು ಗುಡಿವ್ಯವಸ್ಥೆ ಎದ್ದು ನಿಂತಿತ್ತು. ಅಜ್ಜಿ ಹುಡುಗಿಯಾಗಿದ್ದಾಗ ಬರಿದಾಗಿದ್ದ ಗುಡ್ಡದ ನೆತ್ತಿಗಳಲ್ಲಿ ಮೊಮ್ಮಗಳ ಕಾಲಕ್ಕೆ ಕಟ್ಟೆಗಳು, ಪುರೋಹಿತರ ಮನೆಗಳು ಬಂದಿದ್ದವು ಎಂದು ಇದರ ಅರ್ಥ.

ವಂಶಾವಳಿಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಅದೇ ಕಾಲಕ್ಕೆ ಪಿಇಲಾನಿ ಎಂಬ ಅರಸನೂ ಅವನ ಮಕ್ಕಳೂ ಮಾವಿ ದ್ವೀಪವನ್ನು ಒಂದೇ ಆಳ್ವಿಕೆಗೆ ತಂದರು. ಇವೆರಡೂ ಒಂದೇ ಸಂಗತಿಯ ಎರಡು ಮುಖಗಳೆಂದು ಕರ್ಚ್ ವಾದಿಸುತ್ತಾರೆ. ನನಗೂ ಹಾಗೆಯೇ ತೋರುತ್ತದೆ. ಬೆಟ್ಟದಿಂದ ಕಡಲಿನವರೆಗೆ ಪಟ್ಟಿಪಟ್ಟಿಯಾಗಿ ಸೀಳಿದ ಹವಾಯಿಯ ಭೂಹೋಬಳಿಗೆ ಅಹುಪುವಾಅ ಎಂದು ಹೆಸರು. ಅಹು ಎಂದರೆ ಕಲ್ಲಿನ ಪೀಠ, ಪುವಾಅ ಎಂದರೆ ಹಂದಿ. ಮಕಹಿಕಿ ಎಂಬ ನಾಲ್ಕು ತಿಂಗಳ ಹಬ್ಬದಲ್ಲಿ ಲೊನೊ ದೇವರ ಉತ್ಸವಮೂರ್ತಿ ದ್ವೀಪವನ್ನು ಸುತ್ತಿ ಬರುವಾಗ ಪ್ರತಿ ಎಲ್ಲೆಯಲ್ಲೂ ಅಂಥದೊಂದು ಪೀಠದ ಬಳಿ ಜನ ಹಂದಿ, ಗೆಣಸು, ನಾರುಬಟ್ಟೆ, ಗರಿಗಳನ್ನು ತಂದೊಪ್ಪಿಸಬೇಕಿತ್ತು. ಒಪ್ಪಿಸುವವನಿಗೆ ಅದು ನೈವೇದ್ಯ. ಅದೇ ಅರಸನ ಉಗ್ರಾಣಕ್ಕೆ ಕಂದಾಯ. ಹೋಬಳಿಯ ಹೆಸರಿನಲ್ಲೇ ಗುಡಿಯೂ ತೆರಿಗೆಯೂ ಬೆರೆತಿವೆ. ಪುರಾತತ್ವ ಇಂಥ ಕಡೆ ಭಾಷೆಗೆ ಸಾಕ್ಷಿ ನಿಲ್ಲುತ್ತದೆ: ಗುಡಿಗಳು ಒತ್ತೊತ್ತಾಗಿ ಎದ್ದ ಕಾಲವೇ ಒಣಸೀಮೆಯ ಗೆಣಸಿನ ಹೊಲಗಳನ್ನು ಒತ್ತಿ ಸಾಗುವಳಿ ಮಾಡಿದ ಕಾಲವೂ ಆಗಿತ್ತು.

ಗುಡಿಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದನ್ನೂ ಕರ್ಚ್ ಕಹಿಕಿನುಯಿಯಲ್ಲಿ ಅಳೆದು ನೋಡಿದರು. ಕೆಲವು ಉತ್ತರದ ಪರ್ವತದ ಕಡೆಗೆ, ಕೆಲವು ನೇರ ಪೂರ್ವಕ್ಕೆ, ಮತ್ತೆ ಕೆಲವು ಪೂರ್ವದಿಂದ ತುಸು ಉತ್ತರಕ್ಕೆ ವಾಲಿದಂತೆ. ಈ ಮೂರನೆಯ ಗುಂಪು ಮಕಲಿಇ ಎಂಬ ನಕ್ಷತ್ರಪುಂಜ ಹುಟ್ಟುವ ಕಡೆಗೆ ನೋಡುತ್ತದೆ ಎಂದು ಅವರು ಗುರುತಿಸಿದರು. ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಮಕಲಿಇ ಮೂಡಣದಲ್ಲಿ ಹುಟ್ಟುವ ನವೆಂಬರ್ ನಡುವಿನ ಹೊತ್ತೇ ಲೊನೊನ ಮಕಹಿಕಿಗೆ ಮುನ್ಸೂಚನೆ. ಮಕಲಿಇ ಬೇರೆ ಯಾವುದೂ ಅಲ್ಲ, ನಮ್ಮ ಕೃತ್ತಿಕೆ. ಕಾರ್ತಿಕದ ಹುಣ್ಣಿಮೆಯ ಸಂಜೆ ಚಂದ್ರನ ಆಸುಪಾಸಿನಲ್ಲಿ ಅದು ಮೂಡಿ ಬರುವುದನ್ನು ನಾವು ದೀಪ ಹಚ್ಚುವಾಗ ನೋಡುತ್ತೇವೆ. ಎರಡು ನಾಡುಗಳಿಗೆ ಕೊಡುಕೊಳ್ಳುವಿಕೆ ಇತ್ತೆಂದು ನಾನು ಹೇಳುತ್ತಿಲ್ಲ. ಆಕಾಶ ಒಂದೇ ಆದ್ದರಿಂದ ಋತುವಿನ ಗುರುತೂ ಒಂದೇ ಆಯಿತು, ಅಷ್ಟೆ. ಆದರೆ ಅಂದಿನಿಂದ ಕಾರ್ತಿಕದ ಸಂಜೆ ಅಂಗಳಕ್ಕೆ ಬಂದಾಗಲೆಲ್ಲ ನನಗೆ ಆ ಒಣ ಇಳಿಜಾರಿನ ಕಲ್ಲುಕಟ್ಟೆಗಳು ನೆನಪಾಗುತ್ತವೆ.

ಎಲ್ಲರೂ ಈ 60 ವರ್ಷಗಳ ಕಥೆಯನ್ನು ಒಪ್ಪಿಬಿಟ್ಟರೆಂದಲ್ಲ. ಮಾವಿಯ ಹೆಯಾವುಗಳನ್ನು ಬಹಳ ವರ್ಷ ಅಗೆದು ಅಭ್ಯಾಸ ಮಾಡಿದ ಮೈಕೆಲ್ ಕೋಲ್ಬ್ ತಮ್ಮ ರೇಡಿಯೋಕಾರ್ಬನ್ ಕಾಲಗಳನ್ನು ಮುಂದಿಟ್ಟು, ಗುಡಿ ಕಟ್ಟುವ ಕೆಲಸ ಅದಕ್ಕಿಂತ ಬಹಳ ಹಿಂದೆಯೇ ಆರಂಭವಾಗಿ ಶತಮಾನಗಳವರೆಗೆ ಹಂತಹಂತವಾಗಿ ನಡೆಯಿತೆಂದು ಹೇಳಿದ್ದಾರೆ. 2015ರಲ್ಲಿ ಕರ್ಚ್ ಮತ್ತು ಸಂಗಡಿಗರೇ ಇನ್ನಷ್ಟು ಗುಡಿಗಳ ಹವಳಗಳನ್ನು ಅಳೆದಾಗ ಕೆಲವು ಹಿಂದಿನವು, ಕೆಲವು ಈಚಿನವು ಸಿಕ್ಕಿ ಅವಧಿ ಹಿಗ್ಗಿತು. ನನ್ನ ಮಟ್ಟಿಗೆ ಇವೆರಡೂ ಒಂದಕ್ಕೊಂದು ವಿರುದ್ಧವಲ್ಲ. ಊರಿನವರು ತಾವೇ ಕಟ್ಟಿಕೊಂಡ ಚಿಕ್ಕ ಕಟ್ಟೆಗಳು ಮೊದಲಿನಿಂದಲೂ ಇದ್ದವು. ಅವುಗಳ ಮೇಲೆ, ಅವುಗಳ ಸುತ್ತ, ಅವುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಅರಸೊತ್ತಿಗೆ ತನ್ನ ಗುಡಿಗಳನ್ನು ಎಬ್ಬಿಸಿದ್ದು ಮಾತ್ರ ಬಿರುಸಾಗಿ ನಡೆಯಿತು. ಆಲೆಆಲೆಆದ ಒಳಗೋಡೆಗಳು ಹೇಳಿದ್ದೂ ಅದನ್ನೇ ಅಲ್ಲವೇ?

ಅರಸೊತ್ತಿಗೆಯ ಗುಡಿಯೆಂದರೆ ಏನೆಂದು ಕಣ್ಣಾರೆ ಕಾಣಬೇಕಾದರೆ ಹವಾಯಿ ದ್ವೀಪದ ಕವಾಯಿಹಾಯೆ ಕೊಲ್ಲಿಯ ಮೇಲಿನ ಪುಉಕೊಹೊಲಾಕ್ಕೆ ಹೋಗಬೇಕು. ತಿಮಿಂಗಿಲದ ಗುಡ್ಡ ಎಂದು ಆ ಹೆಸರಿನ ಅರ್ಥ. ಯುದ್ಧದ ದೇವರಾದ ಕೂಕಾಇಲಿಮೊಕುವಿಗೆ ಆ ಗುಡ್ಡದ ಮೇಲೆ ಗುಡಿ ಕಟ್ಟಿದರೆ ಎಲ್ಲ ದ್ವೀಪಗಳೂ ನಿನ್ನವಾಗುತ್ತವೆ ಎಂದು ಕವಾಯಿಯ ಕಾರಣಿಕ ಕಪೋಕಹಿ ನುಡಿದದ್ದರಿಂದ ಆ ದ್ವೀಪದ ಅರಸರಲ್ಲೊಬ್ಬನಾದ ಕಮೆಹಮೆಹ 1790ರಲ್ಲಿ ಕೆಲಸ ಆರಂಭಿಸಿ 1791ರಲ್ಲಿ ಮುಗಿಸಿದ. ಜಗಲಿ 224 ಅಡಿ ಉದ್ದ, 100 ಅಡಿ ಅಗಲ. ಇಪ್ಪತ್ತು ಮೈಲಿಗೂ ಆಚೆಯ ಪೊಲೊಲೂ ಕಣಿವೆಯಿಂದ ಜನ ಸಾಲಾಗಿ ನಿಂತು, ನೀರಿನಲ್ಲಿ ನುಣುಪಾದ ಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸಿದರೆಂದು ಹೇಳುತ್ತಾರೆ. ಪ್ರತಿಷ್ಠೆಗೆ ಆಹ್ವಾನಿತನಾಗಿ ಬಂದ ಎದುರಾಳಿ, ದಾಯಾದಿ ಕೆಓವಾ ತೀರದಲ್ಲಿ ಇಳಿಯುತ್ತಿದ್ದಂತೆ ಕೊಲೆಯಾದ. ಅವನ ದೇಹವೇ ಗುಡಿಗೆ ಮುಖ್ಯ ಬಲಿಯಾಯಿತು. 1810ರ ಹೊತ್ತಿಗೆ ದ್ವೀಪಗಳೆಲ್ಲ ಕಮೆಹಮೆಹನ ಕೆಳಗೆ ಬಂದವು. ಅದೇ ಇಳಿಜಾರಿನ ಕೆಳಗೆ ಮಾಯಿಲೆಕಿನಿ ಎಂಬ ಇನ್ನೂ ಹಳೆಯ ಹೆಯಾವಿದೆ. ಮುಂದೆ ಅದರ ಮೇಲೆ ಫಿರಂಗಿಗಳನ್ನಿಟ್ಟು ಕೋಟೆ ಮಾಡಿಕೊಂಡರು. ಮೇಲೆ ಹೊಸದಾಗಿ ಕಟ್ಟಿದ ಗುಡಿ, ಕೆಳಗೆ ಕೋಟೆಯಾದ ಗುಡಿ. ಹೊರಗಿನ ಹಡಗುಗಳು, ಬಂದೂಕುಗಳು ಬಂದ ಕಾಲ ಆ ಒಂದು ಇಳಿಜಾರಿನಲ್ಲಿ ಹಾಗೇ ಉಳಿದಿದೆ.

ಇಷ್ಟು ಭಾರವಾಗಿ ಕಟ್ಟಿದ ಧರ್ಮ ಮುಂದೆ 30 ವರ್ಷವೂ ಬಾಳಲಿಲ್ಲ. ಕಮೆಹಮೆಹ 1819ರ ಮೇ ತಿಂಗಳಲ್ಲಿ ತೀರಿಕೊಂಡ. ಅದೇ ನವೆಂಬರ್‌ನಲ್ಲಿ ಅವನ ಮಗ ಲಿಹೊಲಿಹೊ ಕೈಲುವಾದ ಔತಣದಲ್ಲಿ ಹೆಂಗಸರ ಪಂಕ್ತಿಗೆ ಹೋಗಿ ಕುಳಿತು ಅವರೊಡನೆ ಉಂಡ. ಗಂಡಸರೂ ಹೆಂಗಸರೂ ಒಟ್ಟಿಗೆ ಉಣ್ಣಬಾರದು, ಹಂದಿ, ಬಾಳೆಹಣ್ಣು, ತೆಂಗಿನಕಾಯಿಗಳನ್ನು ಹೆಂಗಸರು ತಿನ್ನಬಾರದು ಎಂಬ ಕಪು ಆ ತುತ್ತಿನೊಂದಿಗೆ ಮುರಿಯಿತು. ಅದರ ಹಿಂದೆ ಕಮೆಹಮೆಹನ ರಾಣಿಯರಾದ ಕಅಹುಮನು ಮತ್ತು ಕೆಓಪುಓಲಾನಿಯ ಒತ್ತಾಸೆಯಿತ್ತು. ಗುಡಿಗಳನ್ನು ಸುಡಲು ಮುಂದಾದವರಲ್ಲಿ ಪ್ರಧಾನ ಪುರೋಹಿತ ಹೆವಹೆವನೇ ಇದ್ದ. ಹಳೆಯ ಧರ್ಮಕ್ಕಾಗಿ ನಿಂತ ಕೆಕುವಾಓಕಲಾನಿಯೂ ಅವನ ಜೊತೆಗೇ ಹೋರಾಡಿದ ಹೆಂಡತಿ ಮನೊನೊವೂ ಕುವಾಮೊಓದ ಕಾಳಗದಲ್ಲಿ ಮಡಿದರು. ಮಿಷನರಿಗಳು ಬಂದು ಹವಾಯಿಯ ಧರ್ಮವನ್ನು ಕೆಡವಿದರು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಆ ಔತಣ ನಡೆದಾಗ ಮೊದಲ ಮಿಷನರಿಗಳ ಹಡಗು ಇನ್ನೂ ನಡುಗಡಲಿನಲ್ಲಿತ್ತು. ಅವರು ತಲುಪಿದ್ದು 1820ರ ವಸಂತದಲ್ಲಿ. 1600ರ ಸುಮಾರಿಗೆ ಗುಡಿಗಳ ವ್ಯವಸ್ಥೆಯನ್ನು ಎಬ್ಬಿಸಿದವರು ಹವಾಯಿಯವರೇ, 1819ರಲ್ಲಿ ಅದನ್ನು ಕೆಡವಿದವರೂ ಅವರೇ. ಅವರನ್ನು ಬರಿಯ ಕಾಲದ ಬಲಿಪಶುಗಳೆಂದು ಕಾಣುವವರಿಗೆ ಈ ಎರಡು ದಿನಾಂಕಗಳನ್ನು ಒಟ್ಟಿಗಿಟ್ಟು ತೋರಿಸಬೇಕೆಂದು ನನಗೆ ಬಹಳ ಅನ್ನಿಸುತ್ತದೆ.

ಅರಸನ ಆಜ್ಞೆಯಾದರೂ ಎಲ್ಲವೂ ಒಂದೇ ದಿನ ನಿಲ್ಲಲಿಲ್ಲ. ಹೋನೌನೌನಲ್ಲಿ 23 ಅರಸರ ಅಸ್ಥಿಗಳನ್ನಿಟ್ಟಿದ್ದ ಹಲೆ ಓ ಕೆಯಾವೆ ಎಂಬ ಗುಡಿ 1823ರಲ್ಲಿ ವಿಲಿಯಂ ಎಲಿಸ್ ಎಂಬ ಮಿಷನರಿ ಬಂದಾಗಲೂ ನಿಂತಿತ್ತು. ಕಅಹುಮನು ಅದನ್ನು ತೆಗೆಸಿದ್ದು 1829ರಲ್ಲಿ. ಮನೆದೇವರ ಮುಂದೆ, ಮೀನುಗಾರರ ಕೊಆಗಳಲ್ಲಿ ಕಾಣಿಕೆ ಇಡುವುದು ಆಮೇಲೂ ಸದ್ದಿಲ್ಲದೆ ನಡೆಯಿತು.

ಹೊಸ ಧರ್ಮದ ಕಟ್ಟಡಗಳಿಗೂ ಹವಳವೇ ಬಂತು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಕೈಲುವಾದಲ್ಲಿ 1837ರಲ್ಲಿ ಮುಗಿದ ಮೊಕುಆಯಿಕವಾ ಚರ್ಚಿನ ಗೋಡೆಗಳಿಗೆ ಹತ್ತಿರದ ಹಳೆಯ ಹೆಯಾವಿನ ಕಲ್ಲುಗಳನ್ನು ತಂದರೆಂದು ಹೇಳುತ್ತಾರೆ. ಅವುಗಳನ್ನು ಬೆಸೆದ ಗಾರೆಗೆ ಹವಳವನ್ನು ಸುಟ್ಟು ಸುಣ್ಣ ಮಾಡಿದರು. ಹೊನೊಲುಲುವಿನ ಕವಾಯಹಾಓ ಚರ್ಚನ್ನಂತೂ 1836ರಿಂದ 1842ರವರೆಗೆ ಸುಮಾರು 14,000 ಹವಳದ ಚಪ್ಪಡಿಗಳಿಂದಲೇ ಕಟ್ಟಿದರು. ಒಂದೊಂದನ್ನೂ ಮುಳುಗಿ ಕಡಲ ತಳದಿಂದ ಕಡಿದು ತಂದವರು ಹವಾಯಿಯವರೇ. ಹಿಂದೆ ಅಂಗೈಯಲ್ಲಿ ಹಿಡಿಯುವಷ್ಟು ಹವಳವನ್ನು ಮೊನಚು ಮುರಿಯದಂತೆ ಬೆಟ್ಟಕ್ಕೆ ಒಯ್ಯುತ್ತಿದ್ದ ಜನರ ಮೊಮ್ಮಕ್ಕಳು ಅವರು. ಹೊನೊಲುಲುವಿನ ಆ ಗೋಡೆಯ ಬಳಿ ನಿಂತು ಕೈಯಿಂದ ಸವರಿದಾಗ ಕಲ್ಲಿನ ಮೈಯಲ್ಲಿ ಹವಳದ ಕಣ್ಣುಗಳು, ಅಲ್ಲಲ್ಲಿ ಚಿಪ್ಪಿನ ಅಂಚುಗಳು ಬೆರಳಿಗೆ ಸಿಕ್ಕಿದ್ದು ನನಗೆ ಇನ್ನೂ ನೆನಪಿದೆ.

ಪುರಾತತ್ವವನ್ನು ಇಷ್ಟು ಮೆಚ್ಚಿ ಬರೆಯುತ್ತಿದ್ದರೂ ಅದಕ್ಕೆ ಹವಾಯಿಯಲ್ಲಿ ಒಳ್ಳೆಯ ಹೆಸರಷ್ಟೇ ಇಲ್ಲವೆಂಬುದನ್ನು ಮರೆಯಲಾಗದು. 1980ರ ದಶಕದ ಕೊನೆಯಲ್ಲಿ ಮಾವಿಯ ಹೊನೊಕಹುವಾ ತೀರದಲ್ಲಿ ಹೋಟೆಲೊಂದನ್ನು ಕಟ್ಟಲೆಂದು ಮರಳದಿಣ್ಣೆ ಅಗೆದಾಗ 900ಕ್ಕೂ ಹೆಚ್ಚು ಹಿರಿಯರ ಅಸ್ಥಿಗಳನ್ನು ಹೊರತೆಗೆದರು. ನೆಲದ ಒಡೆತನದ ಕಾಗದಪತ್ರ ಸರಿಯಿತ್ತು, ಅಗೆತ ಶಾಸ್ತ್ರೋಕ್ತವಾಗಿಯೇ ನಡೆಯುತ್ತಿತ್ತು. ಆದರೆ ಆ ಮಣ್ಣಿನಲ್ಲಿ ಮಲಗಿದವರ ವಂಶದವರು ಬೀದಿಗಿಳಿದರು. ಹೋಟೆಲು ಹಿಂದಕ್ಕೆ ಸರಿಯಬೇಕಾಯಿತು, ಅಸ್ಥಿಗಳನ್ನು ಅಲ್ಲಿಯೇ ಮರಳಿ ಮಣ್ಣು ಮಾಡಿದರು. ಸಮಾಧಿಗಳ ರಕ್ಷಣೆಗೆ ರಾಜ್ಯದಲ್ಲಿ ಕಾನೂನು ಬಂದದ್ದು ಅದರ ಬೆನ್ನಿಗೆ, 1990ರಲ್ಲಿ. ಹವಳದ ವಿಷಯದಲ್ಲೂ ನನಗೆ ಈ ಪ್ರಶ್ನೆ ಇದ್ದೇ ಇದೆ. ದೇವರಿಗೆ ಒಪ್ಪಿಸಿದ್ದು ದೇವರದು. ಅದರ ತುದಿಯನ್ನು ಮುರಿದು ಯಂತ್ರಕ್ಕೆ ಹಾಕುವ ಹಕ್ಕು ಯಾರದು? ಹವಾಯಿಯ ಮೂಲನಿವಾಸಿಗಳೇ ಪುರಾತತ್ವಜ್ಞರಾಗಿ ತಮ್ಮ ಗುಡಿಗಳನ್ನು ಅಭ್ಯಾಸ ಮಾಡುತ್ತಿರುವ ಇಂದು ಆ ಹಕ್ಕನ್ನು ಅವರೇ ತೂಗಿ ನೋಡುತ್ತಿದ್ದಾರೆ, ತೂಗಬೇಕಾದವರೂ ಅವರೇ.

ಗುಡಿಗಳಿಗೆ ಮತ್ತೆ ಜನ ಬರುತ್ತಿದ್ದಾರೆ. 1991ರಲ್ಲಿ ಪುಉಕೊಹೊಲಾಕ್ಕೆ 200 ವರ್ಷ ತುಂಬಿದಾಗ ಕಮೆಹಮೆಹನ ಕಡೆಯವರೂ ಕೆಓವಾನ ಕಡೆಯವರೂ ಅದೇ ಗುಡ್ಡದ ಬುಡದಲ್ಲಿ ಸೇರಿ ರಾಜಿಯ ವಿಧಿಯನ್ನು ನಡೆಸಿದರು. ಹಿಂದೆ ಆ ಗುಡಿಯಲ್ಲಿ ಎಂದೂ ಇಲ್ಲದಿದ್ದ ವಿಧಿ ಅದು. 2006ರ ಅಕ್ಟೋಬರ್ 15ರಂದು ಭೂಮಿ ನಡುಗಿ ಅದರ ಗೋಡೆಗಳು ಕುಸಿದಾಗ ಸಿಮೆಂಟು ಹಾಕಿ ನಿಲ್ಲಿಸಲಿಲ್ಲ. ಗಾರೆಯಿಲ್ಲದೆ ಕಲ್ಲು ಜೋಡಿಸುವ ಹಳೆಯ ಕೈಕಸುಬನ್ನು ಬಲ್ಲವರೇ ಒಂದೊಂದು ಕಲ್ಲನ್ನೂ ತೂಗಿ, ತಿರುಗಿಸಿ, ಕಚ್ಚಿಸಿ ಮತ್ತೆ ಕಟ್ಟಿದರು.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಕಹೊಓಲವೆ ದ್ವೀಪ. 1941ರಿಂದ 1990ರವರೆಗೆ ಅಮೆರಿಕದ ನೌಕಾಪಡೆ ಅದನ್ನು ಬಾಂಬು ಹಾಕಿ ಗುರಿ ಅಭ್ಯಾಸ ಮಾಡಲು ಬಳಸಿತು. 1976ರಲ್ಲಿ ಕೆಲವು ಹವಾಯಿ ಯುವಜನರು ಅನುಮತಿಯಿಲ್ಲದೆ ಅಲ್ಲಿ ಇಳಿದು ಪ್ರತಿಭಟಿಸಿದ ಮೇಲೆ ವಿಷಯ ನ್ಯಾಯಾಲಯಕ್ಕೆ ಹೋಯಿತು. ಬರಡು ದ್ವೀಪ, ಅಲ್ಲೇನೂ ಇಲ್ಲ ಎಂಬ ಮಾತನ್ನು ಸುಳ್ಳು ಮಾಡಿದ್ದು ಪುರಾತತ್ವ ಸಮೀಕ್ಷೆ: ನೂರಾರು ನೆಲೆಗಳು, ಹೆಯಾವುಗಳು, ಮೀನುಗಾರರ ಕೊಆಗಳು, ಬಾಚಿಗಲ್ಲಿನ ಗಣಿ. 1981ರಲ್ಲಿ ಇಡೀ ದ್ವೀಪವೇ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಮರುವರ್ಷ, ಬಾಂಬು ಬೀಳುವುದು ಇನ್ನೂ ನಿಲ್ಲುವ ಮೊದಲೇ, ಲೊನೊನ ಮಕಹಿಕಿಯನ್ನು ಅಲ್ಲಿ ಮತ್ತೆ ಆರಂಭಿಸಿದರು. ಇಂದಿಗೂ ಪ್ರತಿ ನವೆಂಬರ್‌ನಲ್ಲಿ, ಮಕಲಿಇ ಮೂಡುವ ಕಾಲಕ್ಕೆ, ಜನ ದೋಣಿಯಲ್ಲಿ ಹಕಿಓಅವ ಕೊಲ್ಲಿಗೆ ಹೋಗಿ, ಈಜಿ ದಡ ಸೇರಿ, ಮಳೆಗಾಗಿ ಲೊನೊನಿಗೆ ಕಾಣಿಕೆ ಒಪ್ಪಿಸುತ್ತಾರೆ. ಮುಂದೆ ಎಂದಾದರೂ ಆ ನೆಲದ ಪದರಗಳನ್ನು ಓದುವವರಿಗೆ ಕೆಳಗೆ ಹಳೆಯ ಕಟ್ಟೆಯ ಲಾವಾ ಕಲ್ಲು, ಅದರ ಮೇಲೆ ತುಕ್ಕು ಹಿಡಿದ ಬಾಂಬಿನ ಚೂರು, ಚೂರಿನ ಮೇಲೆ ಮತ್ತೆ ಯಾರೋ ಕೈಯಾರೆ ತಂದಿಟ್ಟ ಕಲ್ಲು ಸಿಗುತ್ತವೆ.